“ಕಡ್ಡಿ ತೆಗೆದ್ಯೇನೋ?”

ಕಡ್ಡಿಯನ್ನು ಗುಡ್ಡ ಮಾಡಬಾರದು ಎಂದು ತಿಳಿದವರು ಹೇಳುತ್ತಾರೆ. ತಿಳಿದವರ ಕ್ಷಮೆ ಕೇಳಿ, ಈ ವಾರ ಒಂದು ಕಡ್ಡಿಯ ವಿಷಯವನ್ನು ಓದುಗರ ಮುಂದೆ ಸಾಕಷ್ಟು ಗಾಂಭೀರ್ಯದಿಂದಲೇ ಇಡಬೇಕಾಗಿದೆ. ಕಡ್ಡಿ ಮರದ್ದು, ಚಪ್ಪಟೆಯದು, ಬೆರಳಿಗಿಂತ ತುಸು ಉದ್ದ. ಗಂಟಲು ನೋಡುವ ವೈದ್ಯರು ‘ಆ ಅನ್ನಿ’ ಎಂದು ನಾಲಿಗೆ ಒತ್ತುತ್ತಾರಲ್ಲ, ಅದೇ. ಒಂದು ತುದಿಗೆ ಕೆಂಪು ಉಗುರುಬಣ್ಣ ಬಳಿದಿದೆ. ಈ ಕಡ್ಡಿ ಎಲ್ಲಿರಬೇಕೋ ಅಲ್ಲಿದ್ದರೆ ಯಾರಿಗೂ ತೊಂದರೆಯಿಲ್ಲ. ಎಲ್ಲಿರಬಾರದೋ ಅಲ್ಲಿದ್ದರೂ ಬಹುಪಾಲು ತೊಂದರೆಯಿಲ್ಲ. ಕಡ್ಡಿಯಕ್ಕನ ನಿದ್ದೆ ಕೆಡಿಸಿರುವುದು ಆ ‘ಬಹುಪಾಲು’ ಎಂಬ ಪದ.

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ಬೆನ್ನಿಗೆ ಅಂಟಿಕೊಂಡಿರುವ ಕಾರು ನಿಲ್ದಾಣದ ಹೊರಬಾಗಿಲಲ್ಲಿ ಕಡ್ಡಿಯಕ್ಕ ನಿಂತಿದ್ದಾರೆ. ರಾತ್ರಿಯಿಡೀ ರೋಗಿಯ ಪಕ್ಕ ಕೂತು ಕಣ್ಣು ಕೆಂಪಾದವರು ಮನೆಗೆ ಹೊರಡುವ ಹೊತ್ತು. ಮೇಲಿನ ಮಹಡಿಯಿಂದ ಒಂದು ಕಾರು ಇಳಿದು ಬರುತ್ತದೆ. ಅದನ್ನು ತಂದ ಕೆಲಸಗಾರ ಕೆಳಗಿಳಿದ ತಕ್ಷಣ ಕಡ್ಡಿಯಕ್ಕ ಅರ್ಧ ದೇಹವನ್ನು ಕಾರಿನೊಳಗೆ ತೂರಿಸಿ, ಗೇರ್ ಲಿವರಿನ ಬುಡದಲ್ಲಿರುವ ಉಗುರಗಲದ ಪ್ಲಾಸ್ಟಿಕ್ ಮುಚ್ಚಳವನ್ನು ಬೆರಳಲ್ಲಿ ಸವರುತ್ತಾರೆ. ಕೆಂಪು ಬಾಲ ಕಾಣುತ್ತಿಲ್ಲ. ‘ಹೂಂ’ ಎಂದು ಹೊರಗೆ ಬರುತ್ತಾರೆ.

ಕಾರಿನ ಯಜಮಾನನಿಗೆ ಅನುಮಾನ. “ಏನ್ರೀ ಹುಡುಕ್ತಿದ್ದೀರಾ?”

“ಕಡ್ಡಿ.”

“ಯಾವ ಕಡ್ಡಿ?”

“ಇಲ್ಲ, ಇಲ್ಲ. ನೀವು ಹೋಗಿ.”

ಮೊದಲು ‘ಹೋಗಿ ಬನ್ನಿ’ ಎನ್ನುತ್ತಿದ್ದರು. ಆಸ್ಪತ್ರೆಯ ಬಾಗಿಲಲ್ಲಿ ನಿಂತು ಯಾರನ್ನಾದರೂ ಮತ್ತೆ ಬನ್ನಿ ಎನ್ನುತ್ತಾರೆಯೇ ಎಂದು ಮೇಲ್ವಿಚಾರಕ ಗದರಿದ ಮೇಲೆ ಬರೀ ‘ಹೋಗಿ’ ಎನ್ನುತ್ತಾರೆ. ಅದು ಇನ್ನೂ ಒರಟಾಗಿ ಕೇಳುತ್ತದೆ ಎಂಬುದು ಮೇಲ್ವಿಚಾರಕನ ಈಚಿನ ಆಕ್ಷೇಪ.

ಕಡ್ಡಿಯಕ್ಕ ಎಂಬ ಹೆಸರು ಕೆಲಸದಿಂದ ಬಂದದ್ದೋ ಮೈಕಟ್ಟಿನಿಂದ ಬಂದದ್ದೋ ಎಂಬ ಬಗ್ಗೆ ನಿಲ್ದಾಣದಲ್ಲಿ ಎರಡು ಪಕ್ಷಗಳಿವೆ. ವಯಸ್ಸು ಐವತ್ತರ ಆಸುಪಾಸು. ಇಟ್ಟಿಗೆ ಬಣ್ಣದ ಸಮವಸ್ತ್ರ ಅವರ ಮೈಮೇಲೆ ಹಗ್ಗಕ್ಕೆ ಒಣಹಾಕಿದಂತೆ ಕಾಣುತ್ತದೆ. ಅಧಿಕೃತವಾಗಿ ಅವರ ಕೆಲಸ ಚೀಟಿ ಇಸಿದುಕೊಂಡು ಅಡ್ಡಗೋಲು ಎತ್ತುವುದು, ನಡುನಡುವೆ ನೆಲ ಗುಡಿಸುವುದು. ಕಡ್ಡಿ ಹುಡುಕು ಎಂದು ಅವರಿಗೆ ಯಾರೂ ಹೇಳಿಲ್ಲ. ಹುಡುಕಬೇಡ ಎಂದು ಹೇಳಿದವರು ಮಾತ್ರ ಬೇಕಾದಷ್ಟು ಜನ.

ಈ ಕಡ್ಡಿಯ ಅವಾಂತರ ತಿಳಿಯಬೇಕಾದರೆ ಕ್ಲಚ್ ಇಲ್ಲದ, ಆಟೊಮ್ಯಾಟಿಕ್ ಗೇರಿನ ಕಾರಿನ ಹೊಟ್ಟೆಯೊಳಗೆ ಸ್ವಲ್ಪ ಇಣುಕಬೇಕು. ಅದರ ಲಿವರಿನ ಪಕ್ಕದಲ್ಲಿ ನಾಲ್ಕು ಅಕ್ಷರಗಳಿರುತ್ತವೆ. ಡಿ ಎಂದರೆ ಮುಂದಕ್ಕೆ, ಆರ್ ಎಂದರೆ ಹಿಂದಕ್ಕೆ, ಎನ್ ಎಂದರೆ ಯಾವ ಕಡೆಗೂ ಇಲ್ಲ, ಯಾರು ತಳ್ಳಿದರೆ ಆ ಕಡೆಗೆ. ಪಿ ಎಂದರೆ ಬೀಗ. ಲಿವರನ್ನು ಪಿ ಗೆ ತಂದಾಗ ಗೇರ್ ಪೆಟ್ಟಿಗೆಯ ಒಳಗೆ ಒಂದು ಉಕ್ಕಿನ ಕೊಕ್ಕೆ ಹಲ್ಲಿನ ಚಕ್ರದ ಸಂದಿಗೆ ಬಿದ್ದು ಕಚ್ಚಿಕೊಳ್ಳುತ್ತದೆ, ಬಾಗಿಲ ಅಗುಳಿ ಬಿದ್ದಂತೆ. ಆಮೇಲೆ ಗಾಲಿ ತಿರುಗುವುದಿಲ್ಲ.

ಅಗುಳಿ ಹಾಕಿದರೆ ಸಾಲದು, ಅದನ್ನು ಕಂಡಕಂಡವರು ತೆಗೆಯದಂತೆ ಒಬ್ಬ ಕಾವಲುಗಾರನೂ ಬೇಕು. ಆ ಕಾವಲುಗಾರ ಲಿವರಿನ ಬುಡದಲ್ಲಿ ಅಡಗಿ ಕೂತ ಸಣ್ಣದೊಂದು ಮೊಳೆ. ಕೀ ತಿರುಗಿಸಿ, ಬ್ರೇಕ್ ತುಳಿದರೆ, ಕಾರಿನ ಹಿಂದೆ ಕೆಂಪು ದೀಪ ಹೊತ್ತಿಸುವ ಸ್ವಿಚ್ಚೇ ಈ ಮೊಳೆಗೂ ಕರೆಂಟು ಕಳಿಸುತ್ತದೆ. ಮೊಳೆ ‘ಟಕ್’ ಎಂದು ಪಕ್ಕಕ್ಕೆ ಸರಿಯುತ್ತದೆ. ಆಗಲೇ ಲಿವರ್ ಪಿ ಯಿಂದ ಆಚೆಗೆ ಬರುವುದು. ಬ್ರೇಕಿನ ಮೇಲೆ ಕಾಲಿಲ್ಲದವನು ಎಷ್ಟು ಎಳೆದರೂ ಅದು ಜಗ್ಗದು.

ಬ್ಯಾಟರಿ ಸತ್ತರೆ? ಕರೆಂಟಿಲ್ಲ, ಟಕ್ ಇಲ್ಲ, ಕಾರು ನಿಂತಲ್ಲೇ ಕಲ್ಲು. ಅಂಥ ಹೊತ್ತಿಗೆಂದೇ ಲಿವರಿನ ಪಕ್ಕ, ಮುಚ್ಚಳದ ಕೆಳಗೆ ಒಂದು ಸೀಳುಗಂಡಿ ಇಟ್ಟಿರುತ್ತಾರೆ. ಅದರೊಳಗೆ ಏನಾದರೂ ತೂರಿಸಿ ಒತ್ತಿದರೆ ಮೊಳೆ ಕೈಯಿಂದಲೇ ಸರಿಯುತ್ತದೆ. ಗಂಡಿ ಇಟ್ಟವರು ಆಪತ್ಕಾಲಕ್ಕೆ ಎಂದುಕೊಂಡಿದ್ದರು. ಈ ನಿಲ್ದಾಣದಲ್ಲಿ ಆಪತ್ಕಾಲ ದಿನವೂ ಸಂಜೆ ಶುರುವಾಗುತ್ತದೆ.

ಜಾಗಕ್ಕಿಂತ ಕಾರು ಜಾಸ್ತಿ. ಸಾಲಿನ ಮುಂದೆ ಸಾಲು ನಿಲ್ಲಿಸುತ್ತಾರೆ. ಒಳಗಿನ ಕಾರು ಹೊರಗೆ ಬರಬೇಕಾದರೆ ಮುಂದಿನದನ್ನು ಮಾರುದೂರ ತಳ್ಳಬೇಕು. ಕೀಗಳೆಲ್ಲ ಕೆಳಗೆ ಬಾಗಿಲ ಬಳಿಯ ಕೋಣೆಯಲ್ಲಿ. ಪ್ರತಿ ಸಲ ಅಷ್ಟು ಮಹಡಿ ಇಳಿದು ಹತ್ತುವವರು ಯಾರು? ಗಂಡಿಗೆ ಕಡ್ಡಿ ತೂರಿಸು, ಲಿವರನ್ನು ಎನ್ ಗೆ ತಾ, ತಳ್ಳು, ಮತ್ತೆ ಪಿ ಗೆ ಹಾಕು. ಅದೇ ಕಾರನ್ನು ಬೆಳಗಿನವರೆಗೆ ಹತ್ತಾರು ಸಲ ತಳ್ಳಬೇಕಾಗಬಹುದು ಎಂದು ಕಡ್ಡಿಯನ್ನು ಅಲ್ಲೇ ಬಿಟ್ಟಿರುತ್ತಾರೆ. ಹೀಗೆ ಕಾವಲುಗಾರನನ್ನು ಮಲಗಿಸಿದ ಕಾರಿಗೆ ಇವರ ಬಾಯಲ್ಲಿ ‘ಕಡ್ಡಿ ಗಾಡಿ’ ಎಂದು ಹೆಸರು. ಕೊನೆಗೆ ಒಡೆಯನಿಗೆ ಒಪ್ಪಿಸುವಾಗ ಕಡ್ಡಿ ತೆಗೆಯಬೇಕು. ತೆಗೆಯದಿದ್ದರೆ ಒಡೆಯನಿಗೆ ಗೊತ್ತೇ ಆಗುವುದಿಲ್ಲ, ಕಾರು ಎಂದಿನಂತೆ ಓಡುತ್ತದೆ. ಎಲ್ಲೋ ಇಳಿಜಾರಿನಲ್ಲಿ ನಿಲ್ಲಿಸಿ, ಪಿ ಗೆ ಹಾಕಿ, ಕೀ ಕಿತ್ತುಕೊಂಡು ಇಳಿದು ಹೋಗುತ್ತಾನೆ. ಆಮೇಲೆ ಆ ಲಿವರನ್ನು ಯಾರು ಬೇಕಾದರೂ ಎಳೆಯಬಹುದು. ಸೀಟಿನ ಮೇಲೆ ಹತ್ತಿ ಆಡುವ ಮಗುವೂ.

“ಅಗುಳಿ ಸಡಿಲಾಗಿರೋ ಬಾಗಿಲು ಅಂದ್ರೆ ನಂಗೇನೂ ಭಯ ಇಲ್ಲ. ಬಾಗಿಲು ಗಾಡಿ ಥರ ಉರುಳ್ಕೊಂಡು ಹೋಗಲ್ವಲ್ಲ” ಎನ್ನುತ್ತಾರೆ ಕಡ್ಡಿಯಕ್ಕ.

ಅವರಿಗೆ ಈ ಭಯ ಹಿಡಿದದ್ದು ಕೆಲಸಕ್ಕೆ ಸೇರಿದ ಹೊಸದರಲ್ಲಿ. ಮಧ್ಯಾಹ್ನ, ಊಟದ ಡಬ್ಬಿ ಬಿಚ್ಚಿ ಕೂತಿದ್ದರಂತೆ. ಮೇಲಿನ ಮಹಡಿಯಿಂದ ಇಳಿಯುವ ತಿರುವಿನಲ್ಲಿ ಒಂದು ಕಾರು ಕಾಣಿಸಿತು. ನಿಧಾನವಾಗಿ ಬರುತ್ತಿತ್ತು. ಅಡ್ಡಗೋಲು ಎತ್ತೋಣವೆಂದು ಎದ್ದು ನಿಂತರು.

“ಎಂಜಿನ್ ಸದ್ದೇ ಇರಲಿಲ್ಲ. ಬರೀ ಟೈರು ನೆಲ ನೆಕ್ಕೋ ಸದ್ದು. ಯಾರಪ್ಪ ಇದು ಇಷ್ಟು ನಾಜೂಕಾಗಿ ಓಡಿಸ್ತಿರೋದು ಅಂತ ಬಗ್ಗಿ ನೋಡ್ತೀನಿ, ಸೀಟಲ್ಲಿ ಯಾರೂ ಇಲ್ಲ! ಸ್ಟೇರಿಂಗ್ ತನ್ನ ಪಾಡಿಗೆ ತಾನು ಅಲ್ಲಾಡ್ತಿದೆ. ನನ್ನ ಪಕ್ಕದಲ್ಲೇ ಹೋಯ್ತು, ಮೊಣಕೈಗೆ ಗಾಳಿ ತಾಗ್ತು. ಕೂಗೋಣ ಅಂದ್ರೆ ಬಾಯಲ್ಲಿ ಅನ್ನ.”

ಯಾರೋ ಎನ್ ನಲ್ಲೇ ಬಿಟ್ಟುಹೋಗಿದ್ದ ಆ ಕಡ್ಡಿ ಗಾಡಿ ಕಂಬಕ್ಕೆ ಗುದ್ದಿ ನಿಂತಿತು. ಕಂಬಕ್ಕೆ ಪೆಟ್ಟಾಯಿತು, ಮನುಷ್ಯರಿಗಾಗಲಿಲ್ಲ. ಪೆಟ್ಟು ತಿಂದ ಕಂಬಕ್ಕೆ ಬಣ್ಣ ಬಳಿದರು. ಪೆಟ್ಟು ತಿನ್ನದ ಕಡ್ಡಿಯಕ್ಕ ಮಾತ್ರ ಅಂದಿನಿಂದ ಸರಿಹೋಗಿಲ್ಲ. ಮನೆಯಲ್ಲಿ ಬಾಗಿಲಿಗೆ ಎದುರಾಗಿ ಮಲಗುವುದಿಲ್ಲ. ರಸ್ತೆಯಲ್ಲಿ ನಿಂತ ಕಾರಿನ ಮುಂದಿನಿಂದಾಗಲಿ ಹಿಂದಿನಿಂದಾಗಲಿ ದಾಟುವುದಿಲ್ಲ, ಸುತ್ತು ಹಾಕಿ ಪಕ್ಕದಿಂದ ಹೋಗುತ್ತಾರೆ. ಅವರ ಗಂಡ ಮನೆಯ ಮುಂಗೋಣೆಯಲ್ಲೇ ಹೊಲಿಗೆ ಮಿಷನ್ ಇಟ್ಟುಕೊಂಡ ದರ್ಜಿ, ಬಾಯಲ್ಲಿ ಸೂಜಿ ಇಲ್ಲದ ಹೊತ್ತಿನಲ್ಲೆಲ್ಲ ಹೆಂಡತಿಯನ್ನು ಚುಚ್ಚುವವರು.

“ಮೊನ್ನೆ ಮಿಷನ್ ಕಾಲಿಗೆ ಇಟ್ಟಿಗೆ ಕೊಟ್ಟಿದ್ಲು ಸ್ವಾಮಿ! ಯಾಕೇ ಅಂದ್ರೆ, ಅದಕ್ಕೂ ಗಾಲಿ ಇದೆಯಲ್ರೀ ಅಂತಾಳೆ. ನಂಗೊಂದು ಗಾಲಿ ಇಲ್ಲ, ಅದಕ್ಕೇ ಬದ್ಕಿದೀನಿ.”

“ನಿಮ್ಮನ್ನ ತಳ್ಳಿದ್ರೂ ಎದ್ದು ಹೋಗೋರಲ್ಲ, ನಿಮಗ್ಯಾಕೆ ಇಟ್ಟಿಗೆ?” ಎಂದು ಒಳಗಿನಿಂದ ಉತ್ತರ ಬರುತ್ತದೆ.

ಕಡ್ಡಿಯ ತುದಿಗೆ ಬಣ್ಣ ಬಳಿಯುವ ಉಪಾಯ ಕಡ್ಡಿಯಕ್ಕನದೇ. ಮೊದಲೆಲ್ಲ ಕೈಗೆ ಸಿಕ್ಕಿದ್ದನ್ನು ಗಂಡಿಗೆ ತೂರಿಸುತ್ತಿದ್ದರು: ಪೊರಕೆ ಕಡ್ಡಿ, ಪೆನ್ನಿನ ರೀಫಿಲ್ಲು, ಒಬ್ಬನಂತೂ ಬಾಚಣಿಗೆಯ ಹಲ್ಲು. ಕಡ್ಡಿಯಕ್ಕ ವಾರ್ಡಿನ ಆಯಾಳನ್ನು ಕಾಡಿ ನಾಲಿಗೆ ಒತ್ತುವ ಕಡ್ಡಿಗಳನ್ನು ತಂದರು, ಮಗಳ ಉಗುರುಬಣ್ಣದ ಬಾಟಲಿ ಖಾಲಿ ಮಾಡಿದರು. ಕೆಂಪು ತುದಿ ಗಂಡಿಯಿಂದ ಹೊರಗೆ ಚಾಚಿಕೊಂಡಿರಬೇಕು, ಕಣ್ಣಿಗೆ ಹೊಡೆಯಬೇಕು ಎಂಬುದು ನಿಯಮ. ಗಂಡಸರು ನಕ್ಕರು, ಆದರೆ ಒಪ್ಪಿದರು. ಆದರೂ ಪ್ರತಿ ಕಾರಿಗೂ ಒಂದು ಕೂಗು ತಪ್ಪದು: “ಕಡ್ಡಿ ತೆಗೆದ್ಯೇನೋ?”

“ತೆಗ್ದೆ ಕಣಕ್ಕೋ! ನಿನ್ನ ಕಡ್ಡಿ ಕಾಟಕ್ಕೆ ನಾನು ಮನೇಲಿ ಹಲ್ಲಿಗೂ ಕಡ್ಡಿ ಹಾಕಲ್ಲ” ಎಂದು ಉತ್ತರಿಸುವವನು ಹಗಲು ಪಾಳಿಯ ಕೆಲಸಗಾರ. ಬಾಯಿ ಮುಚ್ಚಿದ್ದನ್ನು ಯಾರೂ ಕಂಡಿಲ್ಲವಾಗಿ ಅವನಿಗೆ ರೇಡಿಯೋ ಎಂದು ಹೆಸರು.

ಇಷ್ಟೆಲ್ಲ ಕಟ್ಟುಪಾಡಿನ ನಡುವೆ ಇಂದು ಬೆಳಗ್ಗೆ ಏನಾಗುತ್ತದೆಂದರೆ, ಕಡ್ಡಿಯಕ್ಕ ನೀರಿನ ಬಾಟಲಿ ತುಂಬಿಸಲು ನಲ್ಲಿಯ ಕಡೆ ಹೋಗುತ್ತಾರೆ. ತುಂಬಿಸಿಕೊಂಡು ಬರುವಾಗ ಒಳಗೆ ಖಾಲಿಯಾದ ಜಾಗವೊಂದನ್ನು ಗುಡಿಸಿಬಿಡೋಣವೆಂದು ಪೊರಕೆ ಎತ್ತುತ್ತಾರೆ. ಕಸದಲ್ಲಿ ಏನೋ ಕೆಂಪಗೆ ಮಿನುಗುತ್ತದೆ. ಬಗ್ಗಿ ಎತ್ತಿಕೊಳ್ಳುತ್ತಾರೆ.

ಕಡ್ಡಿಯ ಕೆಂಪು ತುದಿ. ತುದಿ ಮಾತ್ರ. ಮುರಿದ ಜಾಗ ಹೊಸದಾಗಿ, ಬಿಳಿಯಾಗಿ ಕಾಣುತ್ತಿದೆ.

ಬಾಲ ಇಲ್ಲಿದ್ದರೆ ತಲೆ ಎಲ್ಲಿ? ಕಡ್ಡಿಯಕ್ಕ ಬಾಟಲಿ, ಪೊರಕೆ ಎರಡನ್ನೂ ಬಿಸಾಡುತ್ತಾರೆ.

“ಏಯ್ ರೇಡಿಯೋ! ಇಲ್ಲಿದ್ದ ಗಾಡಿ ಯಾವ್ದೋ?”

“ನೀಲಿ ಗಾಡಿ ಅಕ್ಕ. ಈಗ ತಾನೇ ಕೊಟ್ಟು ಕಳಿಸ್ದೆ.”

“ಕಡ್ಡಿ?”

“ಕೆಂಪೇನೂ ಕಾಣ್ಲಿಲ್ಲ. ಕೆಂಪಿಲ್ಲ ಅಂದ್ರೆ ಕಡ್ಡಿ ಇಲ್ಲ ಅಂತ ನೀನೇ ಅಲ್ವಾ ಹೇಳ್ಕೊಟ್ಟಿದ್ದು?”

ಹೌದು, ಅವರೇ ಹೇಳಿಕೊಟ್ಟದ್ದು. ಅವರೂ ಬಾಗಿಲಲ್ಲಿ ನೋಡುವುದು ಕೆಂಪನ್ನೇ. ರಾತ್ರಿ ಪಾಳಿಯ ಯಾವನಿಗೋ, ಚಾಚಿದ ತುದಿ ಲಿವರ್ ಎಳೆಯುವಾಗ ಅಂಗೈಗೆ ಚುಚ್ಚಿದೆ. ಚುಚ್ಚಿದ್ದನ್ನು ಪಟ್ಟನೆ ಮುರಿದು ಎಸೆದಿದ್ದಾನೆ. ಉಳಿದದ್ದು ಗಂಡಿಯೊಳಗೆ ಮೊಳೆಯನ್ನು ಒತ್ತಿಕೊಂಡು ಕೂತಿದೆ, ಮೇಲೆ ಮುಚ್ಚಳ. ಎಚ್ಚರಿಕೆಯ ಬಣ್ಣವೊಂದೇ ಹೋದದ್ದು, ಅಪಾಯ ಹಾಗೇ ಇದೆ. ಬಣ್ಣವೇ ಇರದಿದ್ದ ಕಾಲದಲ್ಲಾದರೆ ರೇಡಿಯೋ ಮುಚ್ಚಳ ತೆಗೆದು ನೋಡುತ್ತಿದ್ದನೇನೋ.

“ಯಾರ ಗಾಡಿನೋ ಅದು?”

“ಒಬ್ಬ ಮೇಡಮ್ಮು. ಅವರಮ್ಮನಿಗೆ ನಿನ್ನೆ ಆಪರೇಷನ್ ಆಯ್ತಂತೆ. ಜೊತೇಲಿ ಚಿಕ್ಕ ಮಗು, ಹಸಿವು ಅಂತ ಒಂದೇ ಸಮನೆ ರಾಗ. ಇಳಿಜಾರಲ್ಲಿರೋ ಬೇಕರಿ ಇಷ್ಟು ಬೇಗ ತೆಗ್ದಿರುತ್ತಾ ಅಂತ ನನ್ನೇ ಕೇಳಿದ್ರು. ತೆಗ್ದಿರುತ್ತೆ, ಬಿಸಿ ಬ್ರೆಡ್ಡು ಸಿಗುತ್ತೆ, ಹೋಗಿ ಅಂದೆ...”

ರೇಡಿಯೋ ಜೀವಮಾನದಲ್ಲಿ ಮೊದಲ ಸಲ ತಾನಾಗಿಯೇ ಮಾತು ನಿಲ್ಲಿಸುತ್ತಾನೆ. ಮಗು, ಇಳಿಜಾರು, ಕಡ್ಡಿ ಗಾಡಿ. ಮೂರನ್ನೂ ಅವನೇ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ್ದಾನೆ.

“ಫೋನ್ ಮಾಡೋಣ ಅಕ್ಕ.”

“ಯಾರಿಗೋ? ಚೀಟೀಲಿ ಗಾಡಿ ನಂಬರ್ ಬಿಟ್ರೆ ಇನ್ನೇನಿದೆ? ಗಾಡಿ ಫೋನ್ ಎತ್ತುತ್ತಾ?”

ಅಡ್ಡಗೋಲಿನ ಹಗ್ಗವನ್ನು ರೇಡಿಯೋ ಕೈಗೆ ತುರುಕಿ ಕಡ್ಡಿಯಕ್ಕ ಹೊರಟೇಬಿಡುತ್ತಾರೆ. ಆಸ್ಪತ್ರೆ ದಿಬ್ಬದ ಮೇಲಿದೆ. ಅಲ್ಲಿಂದ ರಸ್ತೆ ನೇರವಾಗಿ ಇಳಿದು, ಅಂಗಡಿ ಸಾಲಿನ ಮುಂದೆ ಹಾದು, ಕೆಳಗಿನ ಬಸ್ ನಿಲ್ದಾಣಕ್ಕೆ ಮುಟ್ಟುತ್ತದೆ. ದಿನವೂ ಹತ್ತುವಾಗ ಏದುಸಿರು ತರಿಸುವ ರಸ್ತೆ. ಇಂದು ಇಳಿಯುವಾಗಲೇ ಉಸಿರಿಲ್ಲ. ಚಪ್ಪಲಿ ಹಿಂದೆ ಹಿಂದೆ ಉಳಿಯುತ್ತದೆ, ಕೊನೆಗೊಂದು ಉಳಿದೇ ಹೋಗುತ್ತದೆ. ಕೆಳಗೆ ಬಸ್ಸಿಗೆ ಕಾದು ನಿಂತವರ ತಲೆಗಳು ಸಾಲಾಗಿ ಕಾಣುತ್ತಿವೆ. ಎಲ್ಲರೂ ದಿಬ್ಬಕ್ಕೆ ಬೆನ್ನು ಹಾಕಿ ನಿಂತಿದ್ದಾರೆ. ಸದ್ದಿಲ್ಲದೆ ಬರುವುದನ್ನು ಬೆನ್ನು ನೋಡುವುದಿಲ್ಲ. ಆ ಯೋಚನೆಯನ್ನು ಅಲ್ಲಿಗೇ ಕಡಿದು ಹಾಕಲು ನೋಡುತ್ತಾರೆ. ಅದು ಕಡಿಯದು.

ನೀಲಿ ಕಾರು ಬೇಕರಿಯ ಎದುರು ಮೂತಿ ಕೆಳಗೆ ಮಾಡಿ ನಿಂತಿದೆ. ನಿಂತಿದೆ! ಕಡ್ಡಿಯಕ್ಕನಿಗೆ ಅಳು ಬರುವಷ್ಟು ಸಮಾಧಾನ. ಹತ್ತಿರ ಹೋಗಿ ಗಾಜಿನೊಳಗೆ ನೋಡಿದರೆ ಆ ಸಮಾಧಾನ ಹಾರಿಹೋಗುತ್ತದೆ.

ಡ್ರೈವರ್ ಸೀಟಿನಲ್ಲಿ ಮಗು ಮೊಣಕಾಲೂರಿ ಕೂತಿದೆ. ಎರಡೂ ಕೈಯಿಂದ ಲಿವರ್ ಹಿಡಿದು ತನ್ನ ಕಡೆಗೆ ಎಳೆಯುತ್ತಿದೆ. ಬಾಯಲ್ಲಿ ಎಂಜಿನ್ನಿನ ಸದ್ದು. ಬಾಗಿಲು ಲಾಕ್ ಆಗಿದೆ. ತಾಯಿ ಕಾಣುತ್ತಿಲ್ಲ.

ಲಿವರ್ ಒಂದಿಷ್ಟು ಅಲ್ಲಾಡುತ್ತದೆ, ಮತ್ತೆ ಪಿ ಗೇ ಹೋಗಿ ಕೂರುತ್ತದೆ.

“ಅಯ್ಯಯ್ಯೋ, ಮಗು ಗಾಡಿ ಬಿಡ್ತಿದೆ!” ಎಂದು ಬೇಕರಿಯವನು ಹಿಟ್ಟಿನ ಕೈಯಲ್ಲೇ ಹೊರಗೆ ಓಡಿ ಬರುತ್ತಾನೆ. ಗಟ್ಟಿಮುಟ್ಟು ಆಳು. ಬಂದವನೇ ಕಾರಿನ ಮುಂದೆ ನಿಂತು, ಬಾನೆಟ್ಟಿನ ಮೇಲೆ ಎರಡೂ ಅಂಗೈ ಊರಿ, ಕಾಲು ಅಗಲಿಸಿ, ದಿಬ್ಬದ ಕಡೆಗೆ ಒತ್ತಿ ಹಿಡಿಯುತ್ತಾನೆ. ಯಾವ ಒಳ್ಳೆಯ ಮನುಷ್ಯನಾದರೂ ಮಾಡುವ ಕೆಲಸವೇ ಅದು.

“ಬಿಡ್ರೀ! ಕೈ ತೆಗೀರಿ! ಹಿಡ್ಕೋಬೇಡಿ!”

“ಬಿಟ್ರೆ ಉರುಳಲ್ವೇನಮ್ಮಾ?”

“ಹಿಡ್ಕೊಂಡ್ರೇ ಉರುಳೋದು! ಬಿಡಯ್ಯಾ ಅಂದ್ರೆ!”

ಮಾತು ತಲೆಕೆಳಗಾಗಿ ಕೇಳುತ್ತದೆ. ಆದರೆ ಕಡ್ಡಿಯಕ್ಕನ ಹೆಗಲಿಗೆ ಇದು ದಿನನಿತ್ಯದ ಪಾಠ. ಇಳಿಜಾರಿನಲ್ಲಿ ನಿಂತ ಕಾರಿನ ಪೂರ್ತಿ ಭಾರ ಒಳಗಿನ ಆ ಉಕ್ಕಿನ ಕೊಕ್ಕೆಯ ಮೇಲೆ ಬಿದ್ದಿರುತ್ತದೆ. ಕೊಕ್ಕೆ ಹಲ್ಲಿನ ನಡುವೆ ಸಿಕ್ಕಿಬಿದ್ದಿರುತ್ತದೆ. ಕಡ್ಡಿ ಇದ್ದರೂ ಲಿವರ್ ಸುಲಭಕ್ಕೆ ಬಾರದು, ದೊಡ್ಡವರ ಒಂದು ಜಗ್ಗು ಬೇಕು. ನಿಲ್ದಾಣದಲ್ಲಿ ಹೀಗಾದಾಗಲೆಲ್ಲ ಗಂಡಸರು ‘ಅಕ್ಕಾ, ಸ್ವಲ್ಪ ಒತ್ತು’ ಎಂದು ಕರೆಯುತ್ತಾರೆ. ಇವರು ಹೆದರುತ್ತಲೇ ಕೆಳಗಿನಿಂದ ಹೆಗಲು ಕೊಟ್ಟು ಕಾರನ್ನು ಕೂದಲೆಳೆಯಷ್ಟು ಮೇಲಕ್ಕೆ ಒತ್ತುತ್ತಾರೆ. ಭಾರ ಇಳಿದದ್ದೇ ಕೊಕ್ಕೆ ಸಡಿಲವಾಗಿ ಲಿವರ್ ಬೆಣ್ಣೆಯಂತೆ ಜಾರುತ್ತದೆ. ಈಗ ಮಗುವನ್ನು ಉಳಿಸಿರುವುದು ಆ ಭಾರ. ಬೇಕರಿಯವನು ಉಳಿಸಲು ಬಂದು ಅದನ್ನೇ ಇಳಿಸುತ್ತಿದ್ದಾನೆ. ಇಳಿದರೆ ಕಾರು ಮೊದಲು ಹಾಯುವುದು ಅವನ ಮೇಲೆಯೇ.

ಇಷ್ಟನ್ನೂ ವಿವರಿಸುವ ಪುರುಸೊತ್ತು ಇಲ್ಲ. ಕಡ್ಡಿಯಕ್ಕ ಅವನ ಅಂಗಿಯ ಬೆನ್ನು ಹಿಡಿದು ಎಳೆಯುತ್ತಾರೆ. ಅವನು ಹೆದರಿ ಕೈ ತೆಗೆಯುತ್ತಾನೆ. ಹೆದರಿದ್ದು ಕಾರಿಗಲ್ಲ, ಒಂಟಿ ಚಪ್ಪಲಿಯಲ್ಲಿ, ಕೂದಲು ಬಿಚ್ಚಿಕೊಂಡು ನಿಂತ ಈ ಹೆಂಗಸಿಗೆ. ಕಾರು ಒಮ್ಮೆ ಮೆಲ್ಲಗೆ ಕುಸಿದು, ಕಿರುಗುಟ್ಟಿ, ಕೊಕ್ಕೆಯ ಮೇಲೆ ಮತ್ತೆ ಕೂರುತ್ತದೆ.

“ನಿಮ್ಮ ಅಂಗಡಿ ಬಾಗಿಲಿಗೆ ಕೊಟ್ಟಿರೋ ಕಲ್ಲು ತನ್ನಿ. ಮುಂದಿನ ಗಾಲಿಗೆ ಕೊಡಿ. ಗಾಡಿ ಮುಟ್ಟದೆ ಕೊಡಿ, ಪಕ್ಕದಿಂದ.”

ಅವನು ಕಲ್ಲು ತರುತ್ತಾನೆ, ಗಾಲಿಗೆ ಒತ್ತರಿಸಿ ಇಡುತ್ತಾನೆ. ಒಂದೇ ಕಲ್ಲು. ಇಷ್ಟು ಇಳಿಜಾರಿಗೆ ಅದು ಸಾಕೋ ಸಾಲದೋ ಎಂದು ಇಬ್ಬರಿಗೂ ಗೊತ್ತಿಲ್ಲ.

ಮಗು ಈಗ ಆಟ ನಿಲ್ಲಿಸಿ ಹೊರಗೆ ನೋಡುತ್ತಿದೆ. ಕೈ ಮಾತ್ರ ಲಿವರಿನ ಮೇಲೇ ಇದೆ. ಗದರಿದರೆ ಬೆಚ್ಚಿ ಇನ್ನೂ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಕಡ್ಡಿಯಕ್ಕ ನಗಲು ಪ್ರಯತ್ನಿಸುತ್ತಾರೆ. ಆ ಹೊತ್ತಿನ ಅವರ ನಗು ಯಾವ ಮಗುವಿಗೂ ಧೈರ್ಯ ಕೊಡುವಂಥದಲ್ಲ. ಮಗುವಿನ ತುಟಿ ನಡುಗುತ್ತದೆ. ಆಗ ಎರಡೂ ಅಂಗೈಯನ್ನು ಗಾಜಿಗೆ ಚಪ್ಪಟೆಯಾಗಿ ಒತ್ತಿ, ತಲೆ ಅಲ್ಲಾಡಿಸುತ್ತಾ, “ಎಲ್ಲಿ, ನಿನ್ ಕೈ ಎಲ್ಲಿ? ಇಷ್ಟು ದೊಡ್ಡದಿದ್ಯಾ ನಿನ್ ಕೈ?” ಎನ್ನುತ್ತಾರೆ. ಮಗುವಿಗೆ ಮಾತು ಕೇಳಿಸಿತೋ ಇಲ್ಲವೋ. ಸ್ವಲ್ಪ ಯೋಚಿಸಿ ಒಂದು ಕೈಯನ್ನು ಗಾಜಿಗೆ ಒತ್ತುತ್ತದೆ. ಇನ್ನೊಂದು ಲಿವರಿನ ಮೇಲೆ.

“ಆ ಕೈನೂ ಕೊಡು ಪುಟ್ಟ. ಎರಡೂ ಕೊಡು. ಕೊಡಪ್ಪಾ.”

ಎರಡನೆಯದೂ ಬರುತ್ತದೆ. ಗಾಜಿನ ಈ ಕಡೆ ಬಿರುಕುಬಿಟ್ಟ ದೊಡ್ಡ ಅಂಗೈ, ಆ ಕಡೆ ಸಣ್ಣದು.

“ಯಾರ್ರೀ ನೀವು? ನನ್ನ ಮಗೂನ ಏನ್ಮಾಡ್ತಿದ್ದೀರಾ?”

ತಾಯಿ ಪಕ್ಕದ ಔಷಧಿ ಅಂಗಡಿಯಿಂದ ಓಡಿ ಬರುತ್ತಿದ್ದಾಳೆ. ಕಡ್ಡಿಯಕ್ಕ ತಿರುಗುವುದಿಲ್ಲ, ಕೈ ತೆಗೆಯುವುದಿಲ್ಲ.

“ಆಮೇಲೆ ಬೈಯಮ್ಮ. ಮೊದ್ಲು ಲಾಕ್ ತೆಗಿ. ಹ್ಯಾಂಡ್ ಬ್ರೇಕ್ ಹಾಕಿದ್ದೀಯಾ?”

“ಯಾಕೆ? ಪಿ ಗೆ ಹಾಕಿದೀನಲ್ಲ!”

ಲಾಕ್ ತೆರೆಯುತ್ತದೆ. ಕಡ್ಡಿಯಕ್ಕ ಮಗುವನ್ನು ಕಂಕುಳಿಗೆ ಎಳೆದುಕೊಂಡು, ಇನ್ನೊಂದು ಕೈಯಲ್ಲಿ ಹ್ಯಾಂಡ್ ಬ್ರೇಕನ್ನು ಮೇಲಕ್ಕೆ ಜಗ್ಗುತ್ತಾರೆ. ಅಷ್ಟಾದ ಮೇಲೇ ಮಗುವನ್ನು ತಾಯಿಯ ಕೈಗೆ ಕೊಡುವುದು. ಮುಚ್ಚಳ ಎಬ್ಬಿಸಿ ನೋಡಿದರೆ ಮುರಿದ ಕಡ್ಡಿ ಗಂಡಿಯ ಬಾಯಿಗೆ ಸಮನಾಗಿ ಕೂತಿದೆ. ಉಗುರಿಗೆ ಸಿಗುವುದಿಲ್ಲ. ತಾಯಿಯ ತಲೆಯಿಂದ ಒಂದು ಪಿನ್ನು ಕೇಳಿ ಪಡೆದು, ಚುಚ್ಚಿ, ಮೀಟಿ, ಹೊರಗೆ ತೆಗೆಯುತ್ತಾರೆ. ಒಳಗೆ ಮೊಳೆ ತನ್ನ ಜಾಗಕ್ಕೆ ಬಂದ ಸದ್ದು ಕೇಳುತ್ತದೆ. ಲಿವರನ್ನು ಬಲವಾಗಿ ಎಳೆದು ನೋಡುತ್ತಾರೆ. ಜಗ್ಗುವುದಿಲ್ಲ. ಇನ್ನೊಮ್ಮೆ ಎಳೆಯುತ್ತಾರೆ. ನಂಬಿಕೆ ಬಾರದೆ ಮತ್ತೂ ಒಮ್ಮೆ.

“ಏನದು?” ಎನ್ನುತ್ತಾಳೆ ತಾಯಿ.

“ಕಡ್ಡಿ.”

“ನನ್ನ ಗಾಡಿಯೊಳಗೆ ಇದನ್ನ ಯಾರು ಇಟ್ಟಿದ್ದು?”

ಬೇಕರಿಯವನು ಕಡ್ಡಿಯಕ್ಕನ ಮುಖ ನೋಡುತ್ತಾನೆ. ಸಮವಸ್ತ್ರದ ಜೇಬಿನ ಮೇಲೆ ನಿಲ್ದಾಣದ ಗುರುತು ಇದೆ.

“ನಾವೇ” ಎನ್ನುತ್ತಾರೆ ಕಡ್ಡಿಯಕ್ಕ.

ತಾಯಿಗೆ ಏನು ಅರ್ಥವಾಯಿತು ಎಷ್ಟು ಅರ್ಥವಾಯಿತು ಹೇಳುವುದು ಕಷ್ಟ. ಅವಳು ಕೆಳಗೆ ಬಸ್ ನಿಲ್ದಾಣದ ಕಡೆ ನೋಡುತ್ತಾಳೆ, ಗಾಲಿಗೆ ಕೊಟ್ಟ ಕಲ್ಲನ್ನು ನೋಡುತ್ತಾಳೆ, ಮಗುವನ್ನು ಅದಕ್ಕೆ ನೋವಾಗುವಷ್ಟು ಅಪ್ಪಿಕೊಳ್ಳುತ್ತಾಳೆ. ಬೈಯುವುದಿಲ್ಲ. ಕೈ ಮುಗಿಯುವುದೂ ಇಲ್ಲ. ಕಡ್ಡಿಯಕ್ಕನ ಕಾಲು ನೋಡಿ, “ಮೇಲಕ್ಕೆ ಬಿಡ್ಲಾ? ಒಂದು ಕಾಲಲ್ಲಿ ಚಪ್ಪಲಿ ಇಲ್ಲ ನಿಮಗೆ. ಕೂತ್ಕೊಳ್ಳಿ” ಎನ್ನುತ್ತಾಳೆ.

“ಬೇಡ ತಾಯಿ. ನಂಗೆ ಕಾರಂದ್ರೆ ಭಯ.”

ತಾಯಿ ಮಗುವನ್ನು ಹಿಂದಿನ ಸೀಟಿಗೆ ಹಾಕಿ ಬೆಲ್ಟ್ ಬಿಗಿಯುತ್ತಾಳೆ. ಬೇಕರಿಯವನು ಕಲ್ಲು ತೆಗೆಯುತ್ತಾನೆ. ತಾಯಿ ಬ್ರೇಕ್ ತುಳಿಯುತ್ತಾಳೆ, ಹಿಂದೆ ಕೆಂಪು ದೀಪ ಹೊತ್ತುತ್ತದೆ, ಒಳಗೆ ಟಕ್ ಎನ್ನುತ್ತದೆ. ಕಾರು ಇಳಿಜಾರು ಇಳಿದು, ಬಸ್ ನಿಲ್ದಾಣ ದಾಟಿ, ಎಡಕ್ಕೆ ತಿರುಗಿ ಹೋಗುತ್ತದೆ.